‘ಎಲ್ಲಿ ಉಳಿದುಕೊಂಡಿದ್ದರು?’

ಸಂಬಂಧಿಕರ ಮದುವೆಗೆಂದು ಹೊರರಾಜ್ಯಕ್ಕೆ ಹೋಗಿ, ಅಲ್ಲಿನ ಹೋಟೆಲೊಂದರಲ್ಲಿ ನಾಲ್ಕು ದಿನ ಉಳಿದು ದಾವಣಗೆರೆಗೆ ಮರಳಿದ ಅಪ್ಪಾಜಿಗೆ ಆರನೆಯ ದಿನ ಚಳಿಜ್ವರ ಬಂದಾಗ, ಅದು ಪ್ರಯಾಣದ ಆಯಾಸವೆಂದೇ ನಾವು ಭಾವಿಸಿದೆವು. ಮರುದಿನ ಒಣಕೆಮ್ಮು ಮತ್ತು ಭೇದಿ ಶುರುವಾದವು. ಅದರ ಮರುದಿನ, ವಿದ್ಯಾನಗರದ ನಮ್ಮ ಮನೆಯಲ್ಲೇ ಕುಳಿತು ‘ಬಸ್ಸು ಎಷ್ಟು ಹೊತ್ತಿಗೆ?’ ಎಂದು ಅವರು ಕೇಳಿದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಂಡಿತು. ಆದರೆ ಪೆನಿಸಿಲಿನ್ ಗುಂಪಿನ ಔಷಧಕ್ಕೆ ಜ್ವರ ಜಗ್ಗಲಿಲ್ಲ. ಸಕ್ಕರೆ ಕಾಯಿಲೆ, ಹಳೆಯ ಬೀಡಿ ಚಟ ಎಲ್ಲವನ್ನೂ ವೈದ್ಯರಿಗೆ ಹೇಳಿದ್ದ ನಾವು ಪ್ರಯಾಣದ ವಿಷಯವನ್ನು ಮಾತ್ರ ಹೇಳಿರಲಿಲ್ಲ. ಮೂರನೆಯ ದಿನ ಬಂದ ಹಿರಿಯ ವೈದ್ಯೆಯೊಬ್ಬರು, ‘ಯಜಮಾನರು ಈಚೆಗೆ ಊರು ಬಿಟ್ಟು ಹೋಗಿದ್ದರೇ? ಎಲ್ಲಿ ಉಳಿದುಕೊಂಡಿದ್ದರು?’ ಎಂದು ಕೇಳಿ, ಮೂತ್ರದ ವಿಶೇಷ ಪರೀಕ್ಷೆ ಬರೆದರು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಎಂದು ವರದಿ ಬಂತು.

1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆದ ಬಳಿಕ ಹಬ್ಬಿದ ನ್ಯುಮೋನಿಯಾದಿಂದ ಈ ಹೆಸರು ಬಂದಿದೆ. ರೋಗಾಣುವನ್ನು ಅಮೆರಿಕದ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಗುರುತಿಸಿದ್ದು 1977ರ ಜನವರಿಯಲ್ಲಿ ಪ್ರಕಟವಾಯಿತು.

ಈ ಬ್ಯಾಕ್ಟೀರಿಯಾದ ಬದುಕು ವಿಚಿತ್ರವಾದುದು. ಸುಮಾರು 25ರಿಂದ 45 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಗುರುಬೆಚ್ಚಗಿನ, ನಿಂತ ನೀರಿನಲ್ಲಿ, ಪೈಪಿನ ಒಳಮೈಯ ಲೋಳೆಯಲ್ಲಿ ಅದು ಬೆಳೆಯುತ್ತದೆ. ತನ್ನನ್ನು ನುಂಗುವ ಅಮೀಬಾದ ಒಳಗೇ ಮರಿಹಾಕಿ ಹೊರಬರುತ್ತದೆ. ಷವರಿನ ಅಥವಾ ದೊಡ್ಡ ಕಟ್ಟಡಗಳ ಎ.ಸಿ.ಯ ನೀರನ್ನು ತಣಿಸುವ ಕೂಲಿಂಗ್ ಟವರಿನ ಸಣ್ಣ ತುಂತುರಿನೊಡನೆ ಉಸಿರಿಗೆ ಸೇರಿದಾಗ, ರೋಗಾಣುಗಳನ್ನು ನುಂಗಲೆಂದೇ ಶ್ವಾಸಕೋಶದಲ್ಲಿರುವ ಜೀವಕೋಶಗಳೊಳಗೂ ಅದು ಹಾಗೆಯೇ ಅಡಗುವುದರಿಂದ, ಅಲ್ಲಿಗೆ ಸರಿಯಾಗಿ ತಲುಪದ ಪೆನಿಸಿಲಿನ್ ಸೋಲುತ್ತದೆ. ಒಳಹೊಕ್ಕು ಕೆಲಸ ಮಾಡುವ ಲೆವೊಫ್ಲಾಕ್ಸಾಸಿನ್ ಅಪ್ಪಾಜಿಯನ್ನು ಉಳಿಸಿತು. ಸಾಮಾನ್ಯವಾಗಿ ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲವೆಂದು ತಿಳಿದ ಮೇಲೆಯೇ ಅಮ್ಮ ಮೊಮ್ಮಕ್ಕಳನ್ನು ಅವರ ಹತ್ತಿರ ಬಿಟ್ಟರು.

ಬಹುದಿನ ಬೀಗ ಹಾಕಿದ್ದ ಹೋಟೆಲಿನ ಆ ಕೋಣೆಯ ಷವರಿನಲ್ಲಿ ಮೊದಲು ತುಕ್ಕುಬಣ್ಣದ ನೀರು ಬಂದಿತ್ತೆಂದು ಅಪ್ಪಾಜಿ ಆಮೇಲೆ ನೆನಪಿಸಿಕೊಂಡರು. ರೋಗ ಅಲ್ಲಿಂದಲೇ ಬಂತೆಂದು ಸಾಬೀತಾಗಿಲ್ಲ. ಆದರೂ ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಯಲ್ಲಿಡಿ, ಖಾಲಿ ಕೋಣೆಗಳ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಹರಿಯಬಿಡಿ ಎಂದು ಆ ಹೋಟೆಲಿಗೆ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.