ಸಂಜೆ ನಾಲ್ಕರ ಅಂಕಿ ಮತ್ತು ದೆಹಲಿಯ ಗ್ರ್ಯಾಪ್

ಚಳಿಗಾಲದ ದೆಹಲಿಯಲ್ಲಿ ಬಹಳಷ್ಟು ಸಂಗತಿಗಳು ಒಂದೇ ಅಂಕಿಯ ಮೇಲೆ ನಿಂತಿರುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದಿನವೂ ಸಂಜೆ ನಾಲ್ಕಕ್ಕೆ ಪ್ರಕಟಿಸುವ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯುಐ. ನಾಳೆ ಮಕ್ಕಳು ಶಾಲೆಗೆ ಹೋಗಬೇಕೇ, ಹಳೆಯ ಡೀಸೆಲ್ ಕಾರು ರಸ್ತೆಗಿಳಿಯಬಹುದೇ, ಕಟ್ಟಡದ ಕೆಲಸ ನಡೆಯುತ್ತದೆಯೇ ಎಂಬುದನ್ನೆಲ್ಲ ತೀರ್ಮಾನಿಸುವುದು ಅದೇ. ಆ ಅಂಕಿ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ, ಸರ್ಕಾರದ ಕ್ರಮಗಳು ಪದೇ ಪದೇ ಯಾಕೆ ತಡವಾಗುತ್ತವೆ ಎಂಬುದೂ ತಿಳಿಯುತ್ತದೆ.

ಗ್ರ್ಯಾಪ್ ಎಂದರೆ ಹಂತ ಹಂತವಾಗಿ ಕ್ರಮ ಬಿಗಿಗೊಳಿಸುವ ಯೋಜನೆ. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2017ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಇದನ್ನು ಅಧಿಸೂಚನೆ ಮೂಲಕ ಜಾರಿಗೆ ತಂತು. ಈಗ ಇದರ ಹೊಣೆ ವಾಯು ಗುಣಮಟ್ಟ ನಿರ್ವಹಣಾ ಆಯೋಗದ್ದು. ಆಯೋಗದ ಪಟ್ಟಿಯಂತೆ ಎಕ್ಯುಐ 201 ಮುಟ್ಟಿದರೆ ಒಂದನೇ ಹಂತ, 301ಕ್ಕೆ ಎರಡು, 401ಕ್ಕೆ ಮೂರು, 450 ಮೀರಿದರೆ ನಾಲ್ಕು. ಮೇಲಿನ ಹಂತಕ್ಕೆ ಹೋದಾಗ ಕೆಳಗಿನ ಹಂತಗಳ ಕ್ರಮಗಳೂ ಮುಂದುವರಿಯುತ್ತವೆ.

ಲೆಕ್ಕ ಹೀಗಿದೆ. ಎಂಟು ಮಾಲಿನ್ಯಕಾರಕಗಳಿಗೆ ಒಂದೊಂದು ಉಪಸೂಚ್ಯಂಕ ಇರುತ್ತದೆ. ಕನಿಷ್ಠ ಮೂರರ ಅಳತೆ ಸಿಗಬೇಕು, ಅದರಲ್ಲಿ ಒಂದು ಪಿಎಂ 2.5 ಅಥವಾ ಪಿಎಂ 10 (ಗಾಳಿಯಲ್ಲಿ ತೇಲುವ ಕಣಗಳು; ಮೊದಲನೆಯದು ತೀರಾ ಸೂಕ್ಷ್ಮ) ಆಗಿರಲೇಬೇಕು. ಎಲ್ಲಕ್ಕಿಂತ ಹೆಚ್ಚು ಬಂದ ಉಪಸೂಚ್ಯಂಕವೇ ಆ ಮಾಪನ ಕೇಂದ್ರದ ಎಕ್ಯುಐ. ದೆಹಲಿಯ ಚಳಿಗಾಲದಲ್ಲಿ ಸಾಮಾನ್ಯವಾಗಿ ಆ ಸ್ಥಾನ ಪಿಎಂ 2.5ರದ್ದೇ. ಒಂದು ಘನಮೀಟರ್ ಗಾಳಿಯಲ್ಲಿ ಪಿಎಂ 2.5ರ ಪ್ರಮಾಣ 121ರಿಂದ 250 ಮೈಕ್ರೋಗ್ರಾಂ ಇದ್ದರೆ ಉಪಸೂಚ್ಯಂಕ 301ರಿಂದ 400ರೊಳಗೆ ಬೀಳುತ್ತದೆ. 180 ಇದೆ ಎಂದಿಟ್ಟುಕೊಳ್ಳಿ. 180ರಲ್ಲಿ 121 ಕಳೆದರೆ 59, ಅದನ್ನು 129ರಿಂದ (250ರಲ್ಲಿ 121 ಕಳೆದದ್ದು) ಭಾಗಿಸಿ 99ರಿಂದ (400ರಲ್ಲಿ 301 ಕಳೆದದ್ದು) ಗುಣಿಸಿ 301ಕ್ಕೆ ಸೇರಿಸಿದರೆ ಸುಮಾರು 346.

ತೊಡಕು ಇರುವುದು ಈ 180 ಎಲ್ಲಿಂದ ಬಂತು ಎಂಬಲ್ಲಿ. ಅದು ಈ ಗಂಟೆಯ ಅಳತೆಯಲ್ಲ, ಕಳೆದ 24 ಗಂಟೆಗಳ ಸರಾಸರಿ. ಹದಿನಾಲ್ಕು ಗಂಟೆ 120 ಇದ್ದು, ರಾತ್ರಿ ಗಾಳಿ ನಿಂತು ಹತ್ತು ಗಂಟೆ 300ಕ್ಕೆ ಏರಿತು ಎಂದುಕೊಳ್ಳಿ. ಸರಾಸರಿ 195, ಎಕ್ಯುಐ ಸುಮಾರು 358. ಅಂದರೆ ಆ ಪಟ್ಟಿಯ ಪ್ರಕಾರ ಎರಡನೇ ಹಂತ ಮಾತ್ರ. ಆ ಹತ್ತು ಗಂಟೆ ಜನ ಉಸಿರಾಡಿದ್ದು ಮೂರನೇ ಹಂತದ ಗಾಳಿಯನ್ನು. ಮೊಬೈಲ್ ಆ್ಯಪ್‌ಗಳಲ್ಲಿ 700, 900 ಎಂದೆಲ್ಲ ಕಾಣುವುದಕ್ಕೂ ಇಲ್ಲೇ ಉತ್ತರವಿದೆ. ಅವುಗಳಲ್ಲಿ ಹಲವು ಅಮೆರಿಕದ ಮಾಪನವನ್ನು ಈಗಿನ ಗಂಟೆಯ ಅಳತೆಗೆ ಹಚ್ಚುತ್ತವೆ. ನಮ್ಮ ಸೂಚ್ಯಂಕ 500ಕ್ಕೆ ಮುಗಿಯುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಯಾವುದೋ ಒಂದು ಸುಳ್ಳು ಎಂದು ಜಗಳವಾಡಿ ಪ್ರಯೋಜನವಿಲ್ಲ. ಆದರೆ ಬೆಳಗಿನ ವಾಕಿಂಗ್‌ಗೆ ಹೊರಡಬೇಕೋ ಬೇಡವೋ ಎಂದು ನೋಡುವವರು ಸರಾಸರಿಯನ್ನಲ್ಲ, ಹತ್ತಿರದ ಕೇಂದ್ರದ ಆ ಗಂಟೆಯ ಪಿಎಂ 2.5 ಅನ್ನೇ ನೋಡಬೇಕು.

2022ರಲ್ಲಿ ಆಯೋಗ ಈ ದೋಷ ತಿದ್ದಲು ಹೊರಟಿತು. ಅಂಕಿ ಏರುವವರೆಗೆ ಕಾಯದೆ, ಹವಾಮಾನ ಮುನ್ಸೂಚನೆ ನೋಡಿ ಎರಡನೇ ಹಂತದಿಂದ ಮೇಲಿನದ್ದನ್ನು ಕನಿಷ್ಠ ಮೂರು ದಿನ ಮೊದಲೇ ಜಾರಿ ಮಾಡಬೇಕು ಎಂಬ ನಿಯಮ ಬಂತು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ಇರಲಾರದು. 2024ರ ನವೆಂಬರ್‌ನಲ್ಲಿ ಆಗಿದ್ದೇ ಬೇರೆ. 13ರಂದು ದೆಹಲಿಯ ಎಕ್ಯುಐ 418, 14ರಂದು 424. ಮೂರನೇ ಹಂತ ಜಾರಿಯಾದದ್ದು 15ರಂದು. 17ರ ಸಂಜೆ ನಾಲ್ಕಕ್ಕೆ 441 ಇತ್ತು, ರಾತ್ರಿಯಾಗುವಷ್ಟರಲ್ಲಿ 450 ದಾಟಿತು, ನಾಲ್ಕನೇ ಹಂತ 18ರ ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಅಂದು ಎಕ್ಯುಐ 494. ಸುಪ್ರೀಂ ಕೋರ್ಟ್ ಅದೇ ದಿನ ತಡವೇಕೆ ಎಂದು ಕೇಳಿತು. ಗಾಳಿ ಸುಧಾರಿಸುವ ಮುನ್ಸೂಚನೆ ಇತ್ತು, ಅದಕ್ಕೆ ಕಾದೆವು ಎಂಬುದು ಆಯೋಗದ ಉತ್ತರ. ಮುಂಚಿತವಾಗಿ ನಿರ್ಬಂಧ ಹೇರಲು ಬಳಸಬೇಕಾದ ಮುನ್ಸೂಚನೆಯೇ ನಿರ್ಬಂಧ ಮುಂದೂಡುವ ನೆಪವಾಯಿತು. ಡಿಸೆಂಬರ್‌ನಲ್ಲಿ ಕೋರ್ಟ್ ಮಿತಿಯನ್ನೇ ಇಳಿಸಿ, 350 ದಾಟಿದರೆ ಮೂರನೇ ಹಂತ, 400 ದಾಟಿದರೆ ನಾಲ್ಕು ಎಂದಿತು. 2025ರ ನವೆಂಬರ್‌ನಲ್ಲಿ ಆಯೋಗ ಹಲವು ಕ್ರಮಗಳನ್ನು ಒಂದೊಂದು ಹಂತ ಹಿಂದಕ್ಕೆ ತಂದಿತು: ಜನರೇಟರ್ ಹಚ್ಚುವ ಪ್ರಮೇಯ ಬಾರದಂತೆ ಕರೆಂಟ್ ಕೊಡುವುದು ಒಂದನೇ ಹಂತಕ್ಕೆ, ಕಚೇರಿ ವೇಳೆ ಹಂಚುವುದು ಎರಡಕ್ಕೆ, ಅರ್ಧ ಸಿಬ್ಬಂದಿಗೆ ಮನೆಯಿಂದಲೇ ಕೆಲಸ ಮೂರಕ್ಕೆ.

ಮುನ್ಸೂಚನೆಯಲ್ಲಿ ಗಮನಿಸಬೇಕಾದದ್ದು ಎರಡು. ನೆಲದಿಂದ ಎಷ್ಟು ಎತ್ತರದವರೆಗೆ ಗಾಳಿ ಕಲೆಯುತ್ತದೆ, ಮತ್ತು ಅದು ಎಷ್ಟು ವೇಗವಾಗಿ ಬೀಸುತ್ತದೆ. ಎತ್ತರವನ್ನು ಮೀಟರ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ ಇಟ್ಟು ಗುಣಿಸಿದಾಗ 6000ಕ್ಕಿಂತ ಕಡಿಮೆ ಬಂದು, ಗಾಳಿಯ ವೇಗವೂ ಗಂಟೆಗೆ 10 ಕಿಲೋಮೀಟರ್‌ಗಿಂತ ಕಡಿಮೆ ಇದ್ದರೆ ಹೊಗೆ ಚದುರುವುದಿಲ್ಲ. ಸಾವಿರ ಮೀಟರ್ ಎತ್ತರ, ಸೆಕೆಂಡಿಗೆ ಎರಡು ಮೀಟರ್ ಗಾಳಿ ಎಂದರೆ ಬರೀ 2000. ಇಂಥ ಎರಡು ಮೂರು ದಿನ ಸಾಲಾಗಿ ಬರುವುದು ಕಂಡಾಗ ಸಂಜೆ ನಾಲ್ಕರ ಅಂಕಿಗೆ ಕಾಯುವುದು ತಪ್ಪು. ಹೊಗೆ ಕೂಡಿಕೊಂಡ ಮೇಲೆ ಲಾರಿ ನಿಲ್ಲಿಸಿದರೆ, ಹೊಸದು ಸೇರುವುದು ಕಡಿಮೆಯಾಗುತ್ತದೆಯೇ ಹೊರತು ಇರುವುದು ಹೋಗುವುದಿಲ್ಲ.

ರಸ್ತೆಗೆ ನೀರು ಹೊಡೆಯುವ ವಿಚಾರ ಚಿಕ್ಕದಾಗಿ ಕಂಡರೂ ಕ್ರಮ ತಪ್ಪಿದರೆ ಕೆಲಸ ಕೆಡುತ್ತದೆ. ಮೊದಲು ಯಂತ್ರದಿಂದ ಧೂಳು ಹೀರಿ, ಅದನ್ನು ಗೊತ್ತುಪಡಿಸಿದ ಜಾಗಕ್ಕೆ ಸಾಗಿಸಿ, ಆಮೇಲೆ ನೀರು. ಗುಡಿಸದ ರಸ್ತೆಗೆ ನೀರು ಹೊಡೆದರೆ ಕೆಸರಾಗಿ, ಒಣಗಿದ ಮೇಲೆ ಟೈರಿನಡಿ ಪುಡಿಯಾಗಿ ಮತ್ತೆ ಮೇಲೇಳುತ್ತದೆ. ದೊಡ್ಡ ಕಟ್ಟಡಗಳ ಸೈಟಿನಲ್ಲಿ ಕಡ್ಡಾಯವಾದ ಆ್ಯಂಟಿ ಸ್ಮಾಗ್ ಗನ್ (ನೀರನ್ನು ಮಂಜಿನಂತೆ ಚಿಮ್ಮುವ ಯಂತ್ರ) 5 ಸಾವಿರ ಚದರ ಮೀಟರ್‌ಗೆ ಒಂದರಿಂದ ಹಿಡಿದು 20 ಸಾವಿರ ಮೀರಿದಲ್ಲಿ ನಾಲ್ಕರವರೆಗೆ ಇರಬೇಕು. ಅವು ಸಿಮೆಂಟ್, ಮಣ್ಣಿನ ದಪ್ಪ ಧೂಳನ್ನು ಕೂರಿಸುತ್ತವೆ, ಪಿಎಂ 2.5 ಮೇಲೆ ಅವುಗಳಿಂದ ಹೆಚ್ಚೇನೂ ಆಗುವುದಿಲ್ಲ. 2021ರಲ್ಲಿ ಕನಾಟ್ ಪ್ಲೇಸ್‌ನಲ್ಲಿ ನಿಲ್ಲಿಸಿದ 24 ಮೀಟರ್ ಎತ್ತರದ ಸ್ಮಾಗ್ ಟವರ್ ಬಗ್ಗೆ ಮಾತಾಡಿ ಸಮಯ ಕಳೆಯುವುದು ಬೇಡ. ಬಯಲಿನ ಗಾಳಿ ಸೋಸಲು ಆಗದು.

ವಾಹನಗಳ ವಿಷಯ ಕರ್ನಾಟಕದವರಿಗೂ ತಾಗುತ್ತದೆ. ವರ್ಗವಾಗಿ ಗುರುಗ್ರಾಮ, ನೋಯ್ಡಾಕ್ಕೆ ಹೋದವರು ಕೆಎ ನಂಬರಿನ ಕಾರನ್ನೇ ಓಡಿಸುತ್ತಿರುತ್ತಾರೆ. ಮೂರನೇ ಹಂತದಲ್ಲಿ ದೆಹಲಿ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್, ಗೌತಮ ಬುದ್ಧ ನಗರ (ನೋಯ್ಡಾ ಇರುವ ಜಿಲ್ಲೆ) ಇವುಗಳಲ್ಲಿ ಬಿಎಸ್-3 ಪೆಟ್ರೋಲ್ ಮತ್ತು ಬಿಎಸ್-4 ಡೀಸೆಲ್ ನಾಲ್ಕು ಚಕ್ರದ ವಾಹನ ಓಡಿಸುವಂತಿಲ್ಲ. ಬಿಎಸ್ ಎಂದರೆ ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ಮಾನದಂಡ. ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 194(1) ಪ್ರಕಾರ 20,000 ರೂಪಾಯಿ ದಂಡ. ನಿಮ್ಮದು ಯಾವ ಬಿಎಸ್ ಎಂಬುದು ಆರ್‌ಸಿಯಲ್ಲಿದೆ. 2020ರ ಏಪ್ರಿಲ್‌ಗಿಂತ ಮೊದಲು ಕೊಂಡ ಡೀಸೆಲ್ ಕಾರಾದರೆ ಬಹುತೇಕ ಬಿಎಸ್-4. 2025ರ ಡಿಸೆಂಬರ್‌ನಲ್ಲಿ ದೆಹಲಿ ಸರ್ಕಾರ ಇನ್ನೂ ಮುಂದೆ ಹೋಗಿ, ಹೊರಗೆ ನೋಂದಣಿಯಾದ ಬಿಎಸ್-6ಕ್ಕಿಂತ ಕೆಳಗಿನ ವಾಹನಗಳ ಪ್ರವೇಶವನ್ನೇ ತಡೆಯಿತು, ಎಮಿಷನ್ ಟೆಸ್ಟ್ ಚಾಲ್ತಿ ಇಲ್ಲದವರಿಗೆ ಬಂಕ್‌ನಲ್ಲಿ ಇಂಧನ ಇಲ್ಲ ಎಂದಿತು. ಸಮ-ಬೆಸ ನಂಬರಿನ ಪ್ರಯೋಗ 2016ರಲ್ಲಿ ಎರಡು ಸಲ, 2019ರಲ್ಲಿ ಒಂದು ಸಲ ನಡೆದಿದೆ. ದ್ವಿಚಕ್ರ ವಾಹನಗಳಿಗೆ ವಿನಾಯಿತಿ ಕೊಟ್ಟ ಮೇಲೆ ಅದರ ಹೆಚ್ಚಿನ ಬಲ ಹೋಯಿತು.

ನಾಲ್ಕನೇ ಹಂತದಲ್ಲಿ ಲಾರಿಗಳನ್ನು ಗಡಿಯಲ್ಲೇ ತಡೆಯಬೇಕು. ಅಗತ್ಯ ಸಾಮಗ್ರಿ ತರುವವು, ಸಿಎನ್‌ಜಿ, ಎಲ್‌ಎನ್‌ಜಿ, ಎಲೆಕ್ಟ್ರಿಕ್ ಮತ್ತು ಬಿಎಸ್-6 ಡೀಸೆಲ್ ಮಾತ್ರ ಒಳಗೆ. 2024ರ ನವೆಂಬರ್‌ನಲ್ಲಿ ಕೋರ್ಟ್ ಮುಂದೆ ಬಂದ ವಿವರದಂತೆ ದೆಹಲಿಗೆ 113 ಪ್ರವೇಶ ಸ್ಥಳಗಳಿದ್ದು, ಸಿಸಿಟಿವಿ ಇದ್ದದ್ದು 13ರಲ್ಲಿ. ಪರಿಶೀಲನೆಗೆ ಯುವ ವಕೀಲರನ್ನೇ ಕೋರ್ಟ್ ಕಳಿಸಬೇಕಾಯಿತು. ಆದೇಶ ಹೊರಡಿಸುವುದು ಸುಲಭ, ರಾತ್ರಿ ಎರಡಕ್ಕೆ ನೂರಕ್ಕೂ ಹೆಚ್ಚು ಕಡೆ ಲಾರಿಯ ಆರ್‌ಸಿ ನೋಡಲು ಜನ ಬೇಕು.

ಅತಿ ಹೆಚ್ಚು ಗೊಂದಲ ಇರುವುದು ಕಟ್ಟಡ ಕೆಲಸದ ನಿಷೇಧದಲ್ಲಿ. ಮೂರನೇ ಹಂತದಲ್ಲಿ ಪಾಯ ಅಗೆಯುವುದು, ಪೈಲಿಂಗ್, ಕಟ್ಟಡ ಒಡೆಯುವುದು, ಇಟ್ಟಿಗೆ ಕಟ್ಟುವುದು, ಗಾರೆ, ಟೈಲ್ಸ್ ಮತ್ತು ಕಲ್ಲು ಕತ್ತರಿಸುವುದು, ಕಾಂಕ್ರೀಟ್ ಮಿಕ್ಸಿಂಗ್ ಪ್ಲಾಂಟ್, ಮರಳು-ಜಲ್ಲಿ ಇಳಿಸುವುದು ಎಲ್ಲ ಬಂದ್. ಪ್ಲಂಬಿಂಗ್, ವೈರಿಂಗ್, ಮರಗೆಲಸದಂಥ ಧೂಳೆಬ್ಬಿಸದ ಒಳಗೆಲಸಕ್ಕೆ ಅಡ್ಡಿಯಿಲ್ಲ. ಮೆಟ್ರೊ, ರೈಲ್ವೆ, ಆಸ್ಪತ್ರೆ, ಹೆದ್ದಾರಿ ಯೋಜನೆಗಳಿಗೆ ಧೂಳು ನಿಯಂತ್ರಣದ ಷರತ್ತಿನ ಮೇಲೆ ವಿನಾಯಿತಿ. ನಾಲ್ಕನೇ ಹಂತದಲ್ಲಿ ಹೆದ್ದಾರಿ, ಮೇಲ್ಸೇತುವೆಯಂಥವೂ ನಿಲ್ಲುತ್ತವೆ. ಬುದ್ಧಿವಂತ ಕಂಟ್ರಾಕ್ಟರ್ ಮುನ್ಸೂಚನೆ ನೋಡಿ ಸ್ಲ್ಯಾಬ್ ಹಾಕುವ ದಿನ ಗೊತ್ತು ಮಾಡುತ್ತಾನೆ. ಅರ್ಧ ಸುರಿದಾಗ ಆದೇಶ ಬಂದರೆ ಕಾಂಕ್ರೀಟಿನಲ್ಲಿ ಜೋಡಣೆಯ ಗೆರೆ ಉಳಿದು ಮುಂದೆ ಸೋರುತ್ತದೆ. ಹಾಕಿ ಮುಗಿದಿದ್ದರೆ ಕನಿಷ್ಠ ಏಳು ದಿನ ನೀರುಣಿಸುವುದನ್ನು ಬಿಡಬಾರದು, ರಾಶಿ ಹಾಕಿದ ಮರಳು-ಮಣ್ಣಿಗೆ ಟಾರ್ಪಾಲ್ ಹೊದಿಸಬೇಕು.

ಕೆಲಸ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಇದಕ್ಕೆ ಹಣವಿಲ್ಲವೆಂದಲ್ಲ. ಕಾನೂನಿನ ಪ್ರಕಾರ ಕಟ್ಟಡದ ವೆಚ್ಚದ ಶೇಕಡ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಬರುತ್ತದೆ. ಅದರಿಂದಲೇ ಜೀವನಭತ್ಯೆ ಕೊಡಿ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಆದೇಶಿಸಿತು. ದೆಹಲಿಯಲ್ಲಿ ಸುಮಾರು 90 ಸಾವಿರ ಕಾರ್ಮಿಕರಿಗೆ ತಲಾ 8,000 ರೂಪಾಯಿ ಎಂದಾಗಿ, ಮೊದಲಿಗೆ 2,000 ಮಾತ್ರ ಜಮೆಯಾದಾಗ ಕೋರ್ಟ್ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆದರೆ ಭತ್ಯೆ ಸಿಗುವುದು ನೋಂದಣಿ ಇರುವವರಿಗೆ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪುರಾವೆ ಬೇಕು, ನೋಂದಣಿ ನವೀಕರಿಸುತ್ತಿರಬೇಕು. ಮೇಸ್ತ್ರಿಯ ಕೈಕೆಳಗೆ ಬಿಹಾರ, ಜಾರ್ಖಂಡ್‌ಗಳಿಂದ ಬಂದು ಮೂರು ತಿಂಗಳಿಗೊಮ್ಮೆ ಸೈಟ್ ಬದಲಿಸುವವರ ಬಳಿ ಆ ಪುರಾವೆ ಎಲ್ಲಿಂದ ಬರಬೇಕು? 500 ಚದರ ಮೀಟರ್ ಮೀರಿದ ಪ್ರತಿ ಸೈಟೂ ಧೂಳಿನ ನಿಗಾಕ್ಕೆಂದು ಹೇಗೂ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗಬೇಕು. ಅದೇ ಪಟ್ಟಿ ಹಿಡಿದು ಮಂಡಳಿಯ ಸಿಬ್ಬಂದಿ ಸೆಪ್ಟೆಂಬರ್‌ನಲ್ಲೇ ಸೈಟಿಗೆ ಹೋಗಿ, ಹಾಜರಿ ಪುಸ್ತಕ ನೋಡಿ ಅಲ್ಲೇ ನೋಂದಣಿ, ನವೀಕರಣ, ಬ್ಯಾಂಕ್ ಖಾತೆ ಜೋಡಣೆ ಮುಗಿಸಿದರೆ, ಮೂರನೇ ಹಂತದ ಆದೇಶ ಹೊರಟ ದಿನವೇ ದುಡ್ಡು ಹಾಕಬಹುದು.