ಅವ್ವ ಬಾಣಂತನಕ್ಕೆ ಹೋದಾಗ ಕೆಂಪಿ ಕಾವಿಗೆ ಕೂತಿತು

ತಂಗಿಗೆ ಎರಡನೇ ಹೆರಿಗೆ. ಬಾಣಂತನಕ್ಕೆ ಅವ್ವನೇ ಬೆಂಗಳೂರಿಗೆ ಹೋಗಬೇಕಾಯಿತು. ಹೋಗುವಾಗ ಎರಡು ಹಸು, ಒಂದು ನಾಯಿ, ಏಳು ಕೋಳಿ ನನಗೆ ಒಪ್ಪಿಸಿದಳು. ಹಸುಗಳ ಬಗ್ಗೆ ಅರ್ಧ ಗಂಟೆ ಹೇಳಿದಳು. ಕೋಳಿಗಳ ಬಗ್ಗೆ ಒಂದೇ ಮಾತು: "ಕತ್ತಲಾಗೋದ್ರೊಳಗೆ ಒಡ್ಡಿ ಬಾಗಿಲು ಹಾಕು."

ಅವ್ವ ಬಸ್ಸು ಹತ್ತಿದ ನಾಲ್ಕನೇ ದಿನಕ್ಕೆ ಕೆಂಪಿ ಕಾವಿಗೆ ಕೂತಿತು.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಮೃಗಶಿರ ಮಳೆ ಹಿಡಿದಿತ್ತು. ಸೌದೆ ಕೊಟ್ಟಿಗೆಗೆ ಹೋದರೆ ಮೂಲೆಯಲ್ಲಿ ಕೆಂಪಿ ಮೈಯುಬ್ಬಿಸಿಕೊಂಡು ಕೂತಿದೆ. ಕೈ ಚಾಚಿದರೆ 'ಕುರ್ರ್' ಎಂದು ಕುಕ್ಕಿತು. ನಿನ್ನೆವರೆಗೂ ಕಾಲಿಗೆ ಸುತ್ತುತ್ತಿದ್ದ ಕೋಳಿ! ಎತ್ತಿ ನೋಡಿದರೆ ಹೊಟ್ಟೆಯ ಪುಕ್ಕ ಉದುರಿ ಚರ್ಮ ಕಾಣುತ್ತಿದೆ, ಮುಟ್ಟಿದರೆ ಬಿಸಿ. ಅಡಿಯಲ್ಲಿ ಮೊಟ್ಟೆಯೇ ಇಲ್ಲ. ಎಲ್ಲಿರಬೇಕು? ದಿನಾ ಎತ್ತಿಕೊಂಡು ಆಮ್ಲೆಟ್ ಮಾಡಿಕೊಂಡು ತಿಂದವನು ನಾನೇ.

ನಮ್ಮಲ್ಲಿ ಫೋನು ಸಿಗುವುದು ಹಿತ್ತಲ ಗುಡ್ಡದ ಗೇರು ಮರದ ಬುಡದಲ್ಲಿ ಮಾತ್ರ. ಕೊಡೆ ಹಿಡಿದುಕೊಂಡು ಹತ್ತಿದೆ.

"ಈಗ ಬೇಡ ಕಣಾ," ಅಂದಳು ಅವ್ವ. "ಮಳೆಗಾಲದ ಮರಿ ಉಳಿಯಲ್ಲ. ಶೀತಕ್ಕೇ ಹೋಗ್ತವೆ. ಮರಿ ಮಾಡ್ಸೋದೆಲ್ಲ ದೀಪಾವಳಿ ಕಳೆದ ಮೇಲೆ. ಕಾವು ಬಿಡಿಸು."

ಕಾವು ಬಿಡಿಸುವ ದಾರಿ ಕೆಳಮನೆ ಅಕ್ಕನಿಗೆ ಗೊತ್ತಿತ್ತು. ಕೋಳಿಯನ್ನು ನೀರಲ್ಲಿ ಅದ್ದುವುದು ಒಂದು. ಅದರದೇ ಪುಕ್ಕ ಕಿತ್ತು ಮೂಗಿನ ಹೊಳ್ಳೆಗೆ ಅಡ್ಡ ಚುಚ್ಚುವುದು ಇನ್ನೊಂದು. ಪುಕ್ಕ ಕುಕ್ಕೋಣ ಎಂದು ತಿರುಗಾಡುತ್ತ ಕೋಳಿ ಕೂರುವುದನ್ನೇ ಮರೆಯುತ್ತದಂತೆ. ನನಗೆ ಎರಡೂ ಆಗಲಿಲ್ಲ. ಮೂರು ದಿನ ಕೆಂಪಿ ಬರೀ ಸೌದೆ ಚಕ್ಕೆಗೇ ಕಾವು ಕೊಟ್ಟಿತು. ನೋಡೋಕಾಗದೆ ಮತ್ತೆ ಗುಡ್ಡ ಹತ್ತಿದೆ.

"ಹಂಗಾದ್ರೆ ನಿಂದೇ ಜವಾಬ್ದಾರಿ," ಅಂದಳು ಅವ್ವ. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಹನ್ನೊಂದು ಮೊಟ್ಟೆ ಸಾಕು. ವಾರದೊಳಗಿನವೇ ಆಗಬೇಕು. ಫ್ರಿಜ್ಜಿಗೆ ಹಾಕಿದ್ದು ಬೇಡ, ತೊಳೆದದ್ದು ಬೇಡ. ಎಲ್ಲದಕ್ಕೂ ಇದ್ದಿಲಲ್ಲಿ ಗೆರೆ ಎಳಿ. ಬುಟ್ಟಿ ತಳಕ್ಕೆ ಉಮಿ, ಬೂದಿ, ಮೇಲೆ ಭತ್ತದ ಹುಲ್ಲು. ಹೇನು ಆಗದ ಹಾಗೆ ಲಕ್ಕಿ ಸೊಪ್ಪು. ಗುಡುಗಿದರೆ ಮೊಟ್ಟೆ ಕೆಡುತ್ತದೆ, ಒಂದು ಕಬ್ಬಿಣದ ತುಂಡು ಇಡು. "ತಣ್ಣೀರು ಕೊಡಬೇಡ, ಬಿಸಿನೀರೇ ಕುಡಿಸು."

"ಕೋಳಿಗಾ?"

"ಅಯ್ಯೋ, ನಿಂಗಲ್ಲ ಮಾರಾಯ, ಇಲ್ಲಿ ಇವಳತ್ತೆಗೆ ಹೇಳಿದ್ದು."

ಎಂಟು ಮೊಟ್ಟೆ ನಮ್ಮ ಕೋಳಿಗಳದ್ದೇ ಇದ್ದವು. ಮೂರನ್ನು ಅಕ್ಕ ಕೊಟ್ಟಳು, ಅವಳ ಗಿರಿರಾಜ ಕೋಳಿಗಳದ್ದು. ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ತಳಿ. ಮೈ ದೊಡ್ಡದು, ಮೊಟ್ಟೆ ಜಾಸ್ತಿ. "ಆದ್ರೆ ನಮ್ಮನೇಲಿ ಒಂದೂ ಕಾವಿಗೆ ಕೂತಿದ್ದಿಲ್ಲ. ಇಟ್ಟು ಎದ್ದು ಹೋಗ್ತವೆ, ಗಂಡಸರ ಥರ," ಅಂದಳು ಅಕ್ಕ. ಮೊಟ್ಟೆ ಜಾಸ್ತಿ ಇಡುವುದನ್ನೇ ಆರಿಸಿ ಆರಿಸಿ ಬೆಳೆಸಿದರೆ ಕಾವಿನ ಬುದ್ಧಿ ತಪ್ಪಿಹೋಗುತ್ತದೆ, ಕೂತಷ್ಟು ದಿನ ಮೊಟ್ಟೆ ಇರಲ್ಲ ನೋಡಿ. ಹಾಗಾಗಿ ಗಿರಿರಾಜನ ಮರಿ ಬೇಕೆಂದರೆ ನಾಟಿ ಹೇಂಟೆಯ ಕಾಲು ಹಿಡಿಯಬೇಕು, ಇಲ್ಲ ಮೆಷಿನ್ ಇಡಬೇಕು.

ಜೂನ್ 14ರ ರಾತ್ರಿ ಎಂಟೂವರೆಗೆ ಬುಟ್ಟಿಯನ್ನು ಒಳಗಿನ ಅಟ್ಟದ ಮೆಟ್ಟಿಲ ಕೆಳಗೆ ಇಟ್ಟು ಕೆಂಪಿಯನ್ನು ತಂದು ಕೂರಿಸಿದೆ. ಹಗಲು ಜಾಗ ಬದಲಿಸಿದರೆ ಹಳೇ ಜಾಗಕ್ಕೇ ಓಡುತ್ತದೆ. ಕತ್ತಲಲ್ಲಿ ಕೋಳಿಗೆ ಹಟ ಇಲ್ಲ. ಕೊಕ್ಕಿನಲ್ಲಿ ಒಂದೊಂದೇ ಮೊಟ್ಟೆಯನ್ನು ಎದೆಯಡಿಗೆ ಎಳೆದುಕೊಂಡಿತು. ಅಡಿಕೆ ಸುಲಿಯುವ ಮುರುಕು ಕತ್ತಿಯೊಂದನ್ನು ಹುಲ್ಲಿನಡಿ ತುರುಕಿದೆ. ಗುಡುಗಿನ ಕಥೆ ನಾನು ನಂಬುವವನಲ್ಲ. ಇಟ್ಟರೆ ಏನು ಹೋಗುತ್ತದೆ, ಅಲ್ವಾ?

ಆಮೇಲೆ ನನಗೇನೂ ಕೆಲಸವಿಲ್ಲ. ಕಷ್ಟ ಶುರುವಾಗಿದ್ದೇ ಅಲ್ಲಿ. ಕೆಂಪಿ ದಿನಕ್ಕೊಂದೇ ಸಲ ಏಳುತ್ತಿತ್ತು. ಗಬಗಬ ತಿಂದು, ನೀರು ಕುಡಿದು, ನಿಂಬೆಹಣ್ಣಿನಷ್ಟು ದಪ್ಪ, ಮೂಗು ಮುಚ್ಚಿಕೊಳ್ಳಬೇಕಾದಂಥ ಹಿಕ್ಕೆ ಹಾಕಿ, ಬೂದಿಯಲ್ಲಿ ಹೊರಳಿ, ಹದಿನೈದು ನಿಮಿಷಕ್ಕೆ ವಾಪಸ್. ಒಂದು ದಿನ ಅರ್ಧ ಗಂಟೆಯಾದರೂ ಬರಲಿಲ್ಲ. ಮೊಟ್ಟೆ ತಣ್ಣಗಾಯಿತೆಂದು ನಾನು ಕಂಬಳಿ ಹೊದಿಸಿಬಿಟ್ಟೆ. ಕೆಂಪಿ ಬಂದು ಕಂಬಳಿ ನೋಡಿ ಬೆಚ್ಚಿ ಮತ್ತೆ ಹತ್ತು ನಿಮಿಷ ಹೊರಗೇ ನಿಂತಿತು.

ಏಳನೇ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿದೆ. ನಡುವೆ ಕಪ್ಪು ಚುಕ್ಕೆ, ಸುತ್ತ ಕೆಂಪು ನರಗಳು, ಥೇಟ್ ಜೇಡ ಕೂತ ಹಾಗೆ. ನೋಡುತ್ತಿದ್ದ ಹಾಗೆ ಚುಕ್ಕೆ ಅಲುಗಿತು. ನನ್ನ ಕೈ ನಡುಗಿ ಮೊಟ್ಟೆ ಬೀಳುವುದರಲ್ಲಿತ್ತು. ಎರಡು ಮಾತ್ರ ಬರೀ ಬೆಳಕು, ಒಳಗೇನೂ ಇಲ್ಲ. ಅವನ್ನು ತೆಗೆದೆ. ಹತ್ತನೇ ದಿನ ಮತ್ತೆ ಎಣಿಸಿದರೆ ಒಂಬತ್ತಿರಬೇಕಾದದ್ದು ಹತ್ತಿದೆ! ಕೆಂಪಿ ಎದ್ದಾಗ ಬೇರೆ ಕೋಳಿಯೊಂದು ಬಂದು ಇಟ್ಟು ಹೋಗಿತ್ತು. ಇದ್ದಿಲ ಗೆರೆ ಇಲ್ಲದ್ದು ಅದೊಂದೇ. ಗೆರೆ ಯಾಕೆಂದು ಆಗ ತಿಳಿಯಿತು.

ಜುಲೈ 4ರ ಸಂಜೆ ಆರಿದ್ರಾ ಮಳೆ ಹೆಂಚು ಒಡೆಯುವ ಹಾಗೆ ಸುರಿಯುತ್ತಿತ್ತು. ಕಿವಿಗೊಟ್ಟರೆ ಬುಟ್ಟಿಯೊಳಗಿಂದ 'ಚಿಂವ್'. ಮೊಟ್ಟೆ ಇನ್ನೂ ಒಡೆದಿಲ್ಲ, ಒಳಗಿಂದಲೇ ಕೂಗು. ಕೆಂಪಿಯೂ ಸಣ್ಣ ದನಿಯಲ್ಲಿ 'ಲೊಕ್ ಲೊಕ್' ಎಂದು ಮಾತಾಡುತ್ತಿತ್ತು. ರಾತ್ರಿ ಹೊತ್ತಿಗೆ ಮೂರು ಮೊಟ್ಟೆಗಳಲ್ಲಿ ನಕ್ಷತ್ರದಂಥ ಬಿರುಕು. ಬೆಳಗ್ಗೆ ಎದ್ದಾಗ ರೆಕ್ಕೆ ಸಂದಿಯಿಂದ ಒಂದು ಹಳದಿ ತಲೆ. ಮಧ್ಯಾಹ್ನಕ್ಕೆ ಏಳು ಮರಿ.

ಎಂಟನೆಯದು ಹಿಂದಿನ ರಾತ್ರಿಯೇ ತೂತು ಮಾಡಿತ್ತು. ಅಲ್ಲಿಗೇ ನಿಂತುಬಿಟ್ಟಿತ್ತು. ತೂತಿನಲ್ಲಿ ಕೊಕ್ಕು ಕಾಣುತ್ತದೆ, ಉಸಿರಾಡುವುದು ಕಾಣುತ್ತದೆ. ಸಂಜೆಯಾದರೂ ಅಷ್ಟೇ. ಗುಡ್ಡ ಹತ್ತೋಣವೆಂದರೆ ಆ ಮಳೆಯಲ್ಲಿ ಆಗುವುದಲ್ಲ. ಪಾಪ, ಸುಸ್ತಾಗಿದೆ, ನಾಲ್ಕು ಚೂರು ಸಿಪ್ಪೆ ಬಿಡಿಸಿಕೊಟ್ಟರೆ ಸಾಕು ಅನ್ನಿಸಿತು. ಕೈ ತೊಳೆದು, ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿದೆ. ಮೂರು ಚೂರು ಸಲೀಸಾಗಿ ಬಂತು. ನಾಲ್ಕನೆಯದರ ಜೊತೆ ಒಳಗಿನ ಪೊರೆ ಹರಿದು ರಕ್ತ ಬಂತು. ಒಂದು ಹನಿ ಅಷ್ಟೇ. ಆದರೆ ಆ ಮರಿಯಲ್ಲಿ ಎಷ್ಟು ಹನಿ ಇರಲು ಸಾಧ್ಯ?

ಅದನ್ನು ಹಾಗೇ ಕೆಂಪಿಯ ಅಡಿಗೆ ತಳ್ಳಿ ಕತ್ತಲಲ್ಲಿ ಕೂತೆ. ಬೆಳಗ್ಗೆ ತಣ್ಣಗಿತ್ತು.

"ಮುಟ್ಟಿದ್ಯಾ?" ಅಂದಳು ಅಕ್ಕ. ತಲೆಯಾಡಿಸಿದೆ. ಕೊನೆಗೆ ಅವಳೇ ಹೇಳಿದಳು. ತೂತು ಮಾಡಿದ ಮೇಲೆ ಮರಿ ಸುಮ್ನೆ ಇರುವುದು ಸೋತು ಅಲ್ಲ. ಪೊರೆಯ ನರದಲ್ಲಿರುವ ರಕ್ತವನ್ನೆಲ್ಲ ಒಳಗೆಳೆದುಕೊಳ್ಳಬೇಕು, ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳಬೇಕು. ಅದಕ್ಕೆ ಒಂದು ಹಗಲೋ ಒಂದು ರಾತ್ರಿಯೋ ಬೇಕು. ನಾನು ಆತುರಪಟ್ಟಿದ್ದೆ. ನಾನು ಮುಟ್ಟದಿದ್ದರೂ ಅದು ಬರುತ್ತಿರಲಿಲ್ಲವೇನೋ. ಇರಬಹುದು. ಆದರೆ ಆ ರಕ್ತ ನನ್ನ ಉಗುರಿಂದಲೇ ಬಂದದ್ದು. ಒಂಬತ್ತನೆಯ ಮೊಟ್ಟೆ ತೂತೇ ಆಗಲಿಲ್ಲ. ಎರಡನ್ನೂ ಬಾಳೆ ಬುಡದಲ್ಲಿ ಹೂತೆ. ಅವ್ವನಿಗೆ ಏಳು ಅಂತಷ್ಟೇ ಹೇಳಿದೆ.

ಮೊದಲ ಎರಡು ದಿನ ಮರಿಗಳಿಗೆ ಏನೂ ಬೇಕಿರಲಿಲ್ಲ, ಆ ಹಳದಿಯೇ ಊಟ. ಪೇಟೆಗೆ ಪೆಟ್ಟಿಗೆಯಲ್ಲಿ ದಿನದ ಮರಿ ಬರುತ್ತವಲ್ಲ, ಅವು ದಾರಿಯಲ್ಲಿ ಬದುಕುವುದೂ ಇದರಿಂದಲೇ. ಮೂರನೇ ದಿನ ನುಚ್ಚು ಹಾಕಿದೆ. ಕೆಂಪಿ ತಾನು ತಿನ್ನದೆ ನುಚ್ಚನ್ನು ಕೊಕ್ಕಿನಲ್ಲಿ ಎತ್ತಿ ಬೀಳಿಸಿ, ಎತ್ತಿ ಬೀಳಿಸಿ ಕರೆಯುತ್ತಿತ್ತು. ಹುತ್ತದ ಗೆದ್ದಲು ತಂದುಕೊಟ್ಟ ದಿನ ಮಾತ್ರ ಮನೆಯಲ್ಲಿ ಜಾತ್ರೆ. ಒಂದು ಮರಿ ಗೆದ್ದಲು ಕಚ್ಚಿಕೊಂಡು ಓಡುವುದು, ಉಳಿದ ಆರೂ ಅದರ ಹಿಂದೆ. ತಿಂದದ್ದು ಯಾವುದೋ ಗೊತ್ತೇ ಆಗುತ್ತಿರಲಿಲ್ಲ.

ನಾಲ್ಕನೇ ದಿನ ಒಂದು ಮರಿ ನೀರಿನ ಬಟ್ಟಲಲ್ಲಿ ಮುಳುಗಿ ಸತ್ತಿತು. ಎರಡು ಬೆರಳು ಆಳದ ನೀರು. ಆಮೇಲೆ ಬಟ್ಟಲ ತುಂಬ ಬೆಣಚುಕಲ್ಲು ಹಾಕಿದೆ, ಕೊಕ್ಕು ಇಳಿಯುವಷ್ಟೇ ಸಂದಿ.

ಏಳನೇ ದಿನ ಕೊಕ್ಕರೆ ರೋಗದ ಲಸಿಕೆ. ಪುಸ್ತಕದಲ್ಲಿ ರಾಣಿಖೇತ್ ಅಂತಾರಲ್ಲ, ಅದೇ. ಬಂದರೆ ಕೇರಿಯ ಒಡ್ಡಿಗಳೆಲ್ಲ ಖಾಲಿ. ಲಸಿಕೆ ಸಿಕ್ಕಿದ್ದು ನೂರು ಕೋಳಿಯ ಸೀಸೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನನ್ನ ಹತ್ತಿರ ಆರು ಮರಿ. ಥರ್ಮಾಸಿನಲ್ಲಿ ಐಸು ಹಾಕಿ ತೀರ್ಥಹಳ್ಳಿಯಿಂದ ತರುವಷ್ಟರಲ್ಲಿ ಅಕ್ಕ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿದ್ದಳು. ಮಂಕರಿಯಲ್ಲಿ, ರಟ್ಟಿನ ಪೆಟ್ಟಿಗೆಯಲ್ಲಿ, ಒಬ್ಬ ಹುಡುಗನಂತೂ ಅಂಗಿ ಜೇಬಿನಲ್ಲಿ ಮರಿ ತಂದಿದ್ದ. ನಮ್ಮ ಜಗಲಿಯಲ್ಲಿ ಐವತ್ತಮೂರು ಮರಿಗಳ ಕಣ್ಣಿಗೆ ಒಂದೊಂದು ಹನಿ ಬಿಟ್ಟೆವು. ವಾಪಸ್ ಹೋಗುವಾಗ ಯಾರ ಮರಿ ಯಾರದೆಂದು ಸಣ್ಣ ಜಗಳವೂ ಆಯಿತು.

ಅವ್ವ ಹೇಳಿದ ಶೀತ ನಮ್ಮನ್ನು ಬಿಟ್ಟಿತು. ಮಳೆ ಜೋರಿದ್ದ ದಿನಗಳಲ್ಲಿ ಬಚ್ಚಲೊಲೆಯ ಹತ್ತಿರವೇ ಮಂಕರಿ ಕವುಚಿ ಇಡುತ್ತಿದ್ದೆ, ದಿನಾ ಉಮಿ ಬದಲಿಸುತ್ತಿದ್ದೆ. ಹೊಗೆ ವಾಸನೆಯ ಮರಿಗಳು. ಒಂದು ಹೋಗಿದ್ದು ಬಿಸಿಲು ಬಿದ್ದ ದಿನ. ಮೂರು ವಾರದ ಮೇಲೆ ಮಳೆ ಹೊಳವಾಯಿತೆಂದು ಅಂಗಳಕ್ಕೆ ಬಿಟ್ಟೆ. ಕೆಂಪಿ ಕೂಗಿದ್ದು ಕೇಳಿತು, ಐದು ಮರಿ ದಾಸವಾಳದ ಬುಡಕ್ಕೆ ನುಗ್ಗಿದವು. ಆರನೆಯದನ್ನು ಕಾಗೆ ಎತ್ತಿಕೊಂಡು ಹೋಯಿತು. ಕೆಂಪಿ ನನ್ನ ತಲೆಯೆತ್ತರಕ್ಕೆ ಹಾರಿತ್ತು. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ.

ಆಗಸ್ಟ್ ಕೊನೆಗೆ ಒಂದು ಬೆಳಗ್ಗೆ ಕೆಂಪಿ ತನ್ನ ಮರಿಗಳನ್ನೇ ಕುಕ್ಕಿ ಓಡಿಸತೊಡಗಿತು. ಏನಾಯಿತೆಂದು ನಾನು ಅಡ್ಡ ಹೋದೆ. ನನಗೂ ಕುಕ್ಕಿತು. ಎರಡು ದಿನ ಮರಿಗಳು ಮೂಲೆಯಲ್ಲಿ ಗುಂಪಾಗಿ ನಿಂತು ಅತ್ತವು, ಮೂರನೇ ದಿನ ತಮ್ಮ ಪಾಡಿಗೆ ತಿಪ್ಪೆ ಕೆದಕುತ್ತಿದ್ದವು. ವಾರಕ್ಕೆಲ್ಲ ಕೆಂಪಿ ಸೌದೆ ಕೊಟ್ಟಿಗೆಯಲ್ಲಿ ಮೊಟ್ಟೆ ಇಟ್ಟಿತು. ಈ ಸಲ ಆಮ್ಲೆಟ್ ಮಾಡಲಿಲ್ಲ. ಸ್ವಲ್ಪ ದಿನ.

ಸೆಪ್ಟೆಂಬರಿನಲ್ಲಿ ಅವ್ವ ಬಂದಳು. ಚೀಲ ಜಗಲಿ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ಅಂಗಳ ನೋಡಿದಳು. ಹಸುಗಳ ಬಗ್ಗೆ ಕೇಳಲಿಲ್ಲ.

"ಐದು ಉಳಿದವಾ? ಮಳೆಗಾಲದ್ದು?"

"ಹ್ಞೂಂ."

"ಹುಂಜ ಎಷ್ಟು?"

"ಮೂರು. ಎರಡು ಹೇಂಟೆ."

ಅವ್ವ ದೊಡ್ಡ ಹುಂಜದ ಮರಿಯನ್ನು ಹಿಡಿದು, ರೆಕ್ಕೆಯಡಿ ಕೈಹಾಕಿ ತೂಕ ನೋಡಿ ಬಿಟ್ಟಳು. ಗಿರಿರಾಜನದ್ದು, ಒಳ್ಳೆ ಮೈ ಬಂದಿತ್ತು.

"ದೀಪಾವಳಿಗೆ ಅಳಿಯ ಬರ್ತಾನಂತೆ," ಅಂದಳು, ಕಾಲು ತೊಳೆಯಲು ಬಚ್ಚಲಿಗೆ ಹೋದಳು.