ಪರಿವಿಡಿಗೆ ಎಷ್ಟು ಹಂತ ಬೇಕು?

ಕೊಪ್ಪಳದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮಹಾಪ್ರಬಂಧಗಳನ್ನು ಮುದ್ರಣಕ್ಕೆ ಸಿದ್ಧಪಡಿಸಿಕೊಡುವ ಕೆಲಸ ನನ್ನದು. ಅವರಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದೇ: “ಶೀರ್ಷಿಕೆ ಎಲ್ಲಾ ಸರಿಯಾಗೇ ಕೊಟ್ಟೀನ್ರಿ, ಪರಿವಿಡಿಯೊಳಗ ಯಾಕ ಬಂದಿಲ್ಲ?”

ವರ್ಡ್‌ನಲ್ಲಿ ಹೆಡಿಂಗ್ 1ರಿಂದ 9ರವರೆಗೆ ಶೈಲಿಗಳಿದ್ದರೂ ಅದರ ಸಿದ್ಧ ಪರಿವಿಡಿ ಮೊದಲ 3 ಹಂತಗಳನ್ನಷ್ಟೇ ಎತ್ತಿಕೊಳ್ಳುತ್ತದೆ. ರೆಫರೆನ್ಸಸ್ ವಿಭಾಗದಲ್ಲಿ ಕಸ್ಟಮ್ ಟೇಬಲ್ ಆಫ್ ಕಂಟೆಂಟ್ಸ್ ತೆರೆದು, ಶೋ ಲೆವೆಲ್ಸ್ ಎಂಬಲ್ಲಿ ಅಂಕಿಯನ್ನು ಹೆಚ್ಚಿಸಿದರೆ ಉಳಿದವೂ ಬರುತ್ತವೆ. 9ರಾಚೆಗೆ ಮಾತ್ರ ಅದು ಹೋಗುವುದಿಲ್ಲ. ಲಿಬ್ರೆಆಫೀಸ್ ರೈಟರ್ 10 ಹಂತ ಕೊಡುತ್ತದೆ, ಗೂಗಲ್ ಡಾಕ್ಸ್‌ನಲ್ಲಿರುವುದು 6.

ಆದರೆ ಮಿತಿ ಎಷ್ಟಿದೆ ಎಂಬುದಕ್ಕಿಂತ ಎಲ್ಲಿಗೆ ನಿಲ್ಲಿಸಬೇಕು ಎಂಬುದೇ ನನಗೆ ಮುಖ್ಯವೆನಿಸುತ್ತದೆ. ಜಿಲ್ಲೆಯ ಶಾಸನಗಳ ಕುರಿತ ಪ್ರಬಂಧವನ್ನೇ ನೋಡಿ. ಕಲ್ಯಾಣ ಚಾಲುಕ್ಯರ ಕಾಲ ಎಂಬುದು ಅಧ್ಯಾಯ. ಅದರಡಿ ಕುಕನೂರು ತಾಲ್ಲೂಕು, ಅದರಡಿ ಇಟಗಿ, ಅದರಡಿ ಮಹಾದೇವ ದೇವಾಲಯ, ಅದರಡಿ 1112ರ ಶಾಸನ, ಕೊನೆಗೆ ಆ ಶಾಸನದ ಪಾಠ, ಭಾಷೆ, ದಾನದ ವಿವರ. ಮೂರಕ್ಕೇ ನಿಂತ ಪರಿವಿಡಿ ಓದುಗನನ್ನು ಇಟಗಿ ಊರಿನವರೆಗೆ ತಂದು ಬಿಟ್ಟುಬಿಡುತ್ತದೆ. ಆರನ್ನೂ ತೋರಿಸಿದರೆ ಪ್ರತಿ ಶಾಸನದ ಕೆಳಗೂ ‘ಪಾಠ, ಭಾಷೆ, ದಾನದ ವಿವರ’ ಎಂಬ ಅದೇ ಮೂರು ಸಾಲುಗಳು ಪುಟಗಟ್ಟಲೆ ಮರುಕಳಿಸಿ, ಹುಡುಕುವ ಶಾಸನ ಅವುಗಳ ನಡುವೆ ಹೂತುಹೋಗುತ್ತದೆ. ಶೀರ್ಷಿಕೆಗಳು ಒಂದಕ್ಕಿಂತ ಒಂದು ಬೇರೆಯಾಗಿ ಇರುವವರೆಗೆ, ಅಂದರೆ ಇಲ್ಲಿ 5ನೇ ಹಂತದವರೆಗೆ, ತೋರಿಸುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಪುಟಗಳಲ್ಲಿ 6ನೇ ಹಂತ ಹಾಗೆಯೇ ಇರಲಿ. ಬರವಣಿಗೆಯ ಹಂತಗಳೂ ಪರಿವಿಡಿಯ ಹಂತಗಳೂ ಸಮನಾಗಿರಲೇಬೇಕೆಂದಿಲ್ಲ.

ಹಂತ ಆಳವಾದಷ್ಟೂ ಸಾಲು ಬಲಕ್ಕೆ ಸರಿಯುವುದರಿಂದ ಕನ್ನಡದ ಉದ್ದ ಶೀರ್ಷಿಕೆಗಳು ಎರಡನೇ ಸಾಲಿಗೆ ಮುರಿಯುತ್ತವೆ. ಅದನ್ನು ಪರಿವಿಡಿಯ ಸಾಲಿನಲ್ಲೇ ಕೈಯಿಂದ ತಿದ್ದಬಾರದು, ಏಕೆಂದರೆ ಮುಂದೆ ವರ್ಡ್‌ನಲ್ಲಿ ಎಫ್9 ಒತ್ತಿ ಇಡೀ ಪಟ್ಟಿಯನ್ನು ನವೀಕರಿಸಿದಾಗ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಪರಿವಿಡಿಯ 4 ಮತ್ತು 5ನೇ ಹಂತದ ಸಾಲುಗಳ ರೂಪವನ್ನು ನಿಗದಿಪಡಿಸುವ ಟಿಒಸಿ 4, ಟಿಒಸಿ 5 ಶೈಲಿಗಳಲ್ಲಿಯೇ ಎಡ ಅಂಚನ್ನು ಕಡಿಮೆ ಮಾಡಿದರೆ ಎಷ್ಟು ಸಲ ನವೀಕರಿಸಿದರೂ ಅದು ಉಳಿಯುತ್ತದೆ.